ಅವ್ವನ ಎಡೆಗೆ ಒಂದು ರೈಲು

ನೂಲ್ಪುಳ
8 ಜೂನ್ 2025

ಸಿನಿಗೆ,

ಕವರಿನ ಮೇಲೆ ನನ್ನ ಅಕ್ಷರ ಕಂಡ ಕೂಡಲೇ ಹರಿದು ಹಾಕಬೇಡ. ಒಳಗೆ ನೂಲಿದೆ, ಅದು ಬೇಕು.

ಫೋನಿನಲ್ಲಿ ನನ್ನ ಹೆಸರು ಬಂದರೆ ನೀನು ಎತ್ತುವುದಿಲ್ಲ. ಬಿನು ಮಾಡಿದರೆ ಎತ್ತುತ್ತೀಯ, ಪಕ್ಕದಲ್ಲಿ ಅವನ ಅಮ್ಮ ನಾನು ನಿಂತಿದ್ದೇನೆ ಎಂದು ಗೊತ್ತಾದರೆ ಇಟ್ಟುಬಿಡುತ್ತೀಯ. ಕಾಗದದ ಬಾಯಿ ಹಾಗೆ ಮುಚ್ಚಲಾಗುವುದಿಲ್ಲ. ಶಾಲೆಯಲ್ಲಿ ನಮಗಿಬ್ಬರಿಗೂ ಕಲಿಸಿದ್ದು ಮಲಯಾಳ. ಕನ್ನಡದ ಅಕ್ಷರ ಕಲಿಸಿದವನು ಅಪ್ಪ, ಮೊರದಲ್ಲಿ ಅಕ್ಕಿ ಹರಡಿ. ಆ ವಿದ್ಯೆಯನ್ನು ನಾನು ಬಳಸುವುದು ಈಗ ನಿನ್ನ ಮೇಲೆ ಮಾತ್ರ. ತಪ್ಪಿದ್ದರೆ ಓದಿಕೊಂಡು ಹೋಗು.

ವಿಷಯಕ್ಕೆ ಬರುತ್ತೇನೆ. ನಾನೊಂದು ರೈಲು ಕೊಂಡಿದ್ದೇನೆ.

ನಗಬೇಡ. ಮಕ್ಕಳ ಆಟದ ಸಾಮಾನಲ್ಲ, ನಿಜವಾದ ಉಗಿ ಇಂಜಿನ್ನಿನ ಮಾದರಿ. ಮೊಳಕ್ಕಿಂತ ಚಿಕ್ಕದು, ಆದರೆ ಎತ್ತಿದರೆ ತೂಕ ಗೊತ್ತಾಗುತ್ತದೆ. ಕಪ್ಪು ಮೈ, ದುಂಡು ಮುಖ, ಪಕ್ಕದಲ್ಲಿ ಚಕ್ರಗಳನ್ನು ಕೂಡಿಸುವ ಸರಳು, ನೆತ್ತಿಯ ಮೇಲೆ ಹೊಗೆಗೂಡು. ಅದಕ್ಕೆ ಒಂದೆರಡು ಹನಿ ಎಣ್ಣೆ ಬಿಟ್ಟರೆ ಹೊಗೆಯೂ ಬರುತ್ತದೆ. ಬಿನು ಫೋನಿನಲ್ಲಿ ಹುಡುಕಿ ತರಿಸಿದ. ಜೊತೆಗೆ ಬಂದ ಹಳಿಯನ್ನು ಊಟದ ಮೇಜಿನ ಮೇಲೆ ದುಂಡಗೆ ಜೋಡಿಸಿ ಓಡಿಸಿದಾಗ ಸೊಸೆ ಜಿಷ ಕೈಯಲ್ಲಿ ಸೌಟು ಹಿಡಿದೇ ಅಡುಗೆಮನೆಯಿಂದ ಓಡಿಬಂದಳು. ವಯನಾಡಿಗೆ ರೈಲು ತರುತ್ತೇವೆ ಎಂದು ಎಷ್ಟು ಜನ ಭಾಷಣ ಮಾಡಿ ಹೋದರು. ತಂದದ್ದು ನಾನು.

ಯಾಕೆ ಎಂದು ಕೇಳುತ್ತೀಯ. ಅವ್ವನ ಎಡೆಗೆ.

ಮಹಾಲಯ ಅಮಾವಾಸ್ಯೆಗೆ ಸತ್ತವರ ಇಷ್ಟದ್ದನ್ನೆಲ್ಲ ಬಾಳೆಲೆಯ ಮೇಲೆ ಇಡುವುದು ನಮ್ಮ ಪದ್ಧತಿ. ಅಪ್ಪನಿಗೆ ಬೀಡಿ, ಬೆಂಕಿಪೊಟ್ಟಣ, ಒಂದು ಲೋಟ ಕಳ್ಳು ಇಟ್ಟರೆ ಕಾಗೆ ಕರೆಯುವ ಮುಂಚೆ ಬಂದು ಕೂರುತ್ತಿತ್ತು. ಅವ್ವನಿಗೆ ಎರಡು ವರ್ಷ ಇಟ್ಟೆ. ರಾಗಿ ಮುದ್ದೆ, ಉಪ್ಪೆಸರು, ಹುರಿದ ಒಣಮೀನು, ಎಲೆ ಅಡಿಕೆ, ಹೊಸ ಸೀರೆ, ಏನೂ ಕಡಿಮೆ ಮಾಡಲಿಲ್ಲ. ಎರಡು ವರ್ಷವೂ ಕಾಗೆ ಬರಲಿಲ್ಲ. ಹಲಸಿನ ಮರದ ಮೇಲೆ ಕೂತು ನೋಡಿತು, ಹಾರಿಹೋಯಿತು. ಕಡೆಗೆ ಆ ಅನ್ನವನ್ನು ಹಸುವಿಗೆ ಹಾಕಿದೆ. ಅವತ್ತಿನಿಂದ ನನಗೆ ತಿಂದದ್ದು ಮೈಗೆ ಹತ್ತುವುದಿಲ್ಲ.

ಏನು ಕೊರತೆಯಾಯಿತು ಎಂದು ಯೋಚಿಸಿ ಯೋಚಿಸಿ ಕಂಡುಹಿಡಿದೆ. ಅವ್ವನಿಗೆ ಜೀವಮಾನವೆಲ್ಲ ಇದ್ದ ಆಸೆ ಒಂದೇ. ನನಗೆ ಮುಡಿ ತೆಗೆಸಲು ನಂಜನಗೂಡಿಗೆ ಬಂದವಳು ಅಲ್ಲಿಂದ ಮೈಸೂರಿಗೆ ಉಗಿ ರೈಲಿನಲ್ಲಿ ಹೋದದ್ದು, ಕಿಟಕಿಯ ಹೊರಗೆ ತಲೆ ಹಾಕಿ ಕಣ್ಣಿಗೆ ಕಲ್ಲಿದ್ದಲಿನ ಕಿಡಿ ಬಿದ್ದದ್ದು, ಎದುರು ಕೂತಿದ್ದ ಗುರುತಿಲ್ಲದ ಹೆಂಗಸು ಸೆರಗನ್ನು ಬಾಯಿಯ ಶಾಖದಲ್ಲಿ ಬಿಸಿ ಮಾಡಿ ಕಣ್ಣಿಗೆ ಒತ್ತಿದ್ದು, ಎಲ್ಲವನ್ನೂ ನಾವು ಎಷ್ಟು ಸಲ ಕೇಳಿಲ್ಲ! ಕರಿ ಎತ್ತಿಗೆ ರೈಲ ಎಂದೇ ಹೆಸರಿಟ್ಟಿದ್ದಳು. ರೈಲಿನ ದಾರಿ ಅಳೆಯುವವರು ಬಂದಾಗೆಲ್ಲ ಕರೆದು ಮಜ್ಜಿಗೆ ಕೊಡುತ್ತಿದ್ದಳು. ನಿನ್ನನ್ನು ನಂಜನಗೂಡಿಗೆ ಕೊಟ್ಟ ಮೇಲಂತೂ, ‘ರೈಲ್ ಬರ್ಲಿ, ಹೊತ್ತೂಟಕ್ಕೆ ಸಿನಿ ಮನೇಲಿರ್ತೀನಿ, ಸಂಜೆಗೆ ವಾಪಸ್’ ಎನ್ನುತ್ತಿದ್ದಳು. ರೈಲು ಬರಲಿಲ್ಲ. ಈ ಸಲ ಎಡೆಗೆ ಬರುತ್ತದೆ.

ಇಂಜಿನ್ ಸಿಕ್ಕಿತು, ಬೋಗಿ ಸಿಗಲಿಲ್ಲ. ಫೋನಿನಲ್ಲಿ ತೋರಿಸುವ ಬೋಗಿಗಳೆಲ್ಲ ನೀಲಿ, ಹಸಿರು. ಅವ್ವ ಕೂತದ್ದು ಕೆಂಪು ಬೋಗಿಯಲ್ಲಿ. ನಿನಗೆ ಮೈಸೂರು ಹತ್ತಿರ. ಅಪ್ಪ ಜೋಡಿ ಎತ್ತು ಹುಡುಕುವಾಗ ಮಾಡುತ್ತಿದ್ದಂತೆಯೇ ಮಾಡಿದ್ದೇನೆ. ಗೊರಸಿನಿಂದ ಬೆನ್ನ ಹಿಣಿಲಿನವರೆಗೆ ಹಗ್ಗ ಹಿಡಿದು ಗಂಟು ಹಾಕಿ, ಆ ಹಗ್ಗವನ್ನು ಹೆಗಲ ಮೇಲೆ ಹಾಕಿಕೊಂಡು ತೆರಕಣಾಂಬಿ ಸಂತೆಗೆ ಹೋಗುತ್ತಿದ್ದನಲ್ಲ, ಹಾಗೆ. ಅವ್ವ ಹೂ ಕಟ್ಟುತ್ತಿದ್ದ ಉಂಡೆಯಿಂದಲೇ ನೂಲು ತೆಗೆದು ಇಂಜಿನ್ನಿಗೆ ಹಿಡಿದೆ. ಮೊದಲ ಗಂಟಿನವರೆಗೆ ಎತ್ತರ, ಎರಡನೆಯದರವರೆಗೆ ಉದ್ದ. ಇಟ್ಟಿಗೆ ಕೆಂಪು ಇರಲಿ, ಮೂರು ಬೋಗಿ ಸಾಕು. ಅಪ್ಪನ ಜೋಡಿ ಒಮ್ಮೆಯೂ ತಪ್ಪಿದ್ದಿಲ್ಲ, ಇದೂ ತಪ್ಪುವುದಿಲ್ಲ.

ಕೊಂಡು ಕಳಿಸು ಎಂದು ಕೇಳುತ್ತಿಲ್ಲ. ಕೊಂಡು ನೀನೇ ತಾ. ಮೂರು ವರ್ಷವಾಯಿತು ನೀನು ಈ ಹೊಸ್ತಿಲು ತುಳಿದು. ಮಹಾಲಯಕ್ಕೆ ನೀನು ಬರಬೇಕು. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ.

ನಿನ್ನ ಅಕ್ಕ,
ಕಾರ್ತ್ಯಾಯನಿ


ನೂಲ್ಪುಳ
17 ಜುಲೈ 2025

ಸಿನಿಗೆ,

ಕಾಗದ ವಾಪಸು ಬಂದಿಲ್ಲ, ಅಂದರೆ ತಲುಪಿದೆ. ಉತ್ತರವೂ ಬಂದಿಲ್ಲ, ಅಂದರೆ ಓದಿದ್ದೀಯ. ಓದದೆ ಇದ್ದಿದ್ದರೆ ‘ಅಕ್ಕ ಏನು ಬರೆದಿದ್ದಾಳೆ’ ಎಂದು ನೀನು ಬಿನುವನ್ನು ಕೇಳುತ್ತಿದ್ದೆ. ನಿನ್ನನ್ನು ಎತ್ತಿ ಆಡಿಸಿದವಳು ನಾನು, ನನ್ನ ಮುಂದೆ ಈ ಆಟ ನಡೆಯುವುದಿಲ್ಲ.

ಇಲ್ಲಿ ಮಳೆ ಹೊಯ್ಯುತ್ತಿದೆ. ಕರ್ಕಟಕ ವಾವಿನ ಅಮಾವಾಸ್ಯೆಗೆ ಊರಿನವರು ಹಿರಿಯರಿಗೆ ಪಿಂಡ ಇಡಲು ತಿರುನೆಲ್ಲಿಗೆ ಹೊರಡುವ ಸಂಭ್ರಮದಲ್ಲಿದ್ದಾರೆ. ‘ಚೇಚಿ, ನೀವೂ ಬನ್ನಿ, ಅಲ್ಲೇ ಬಲಿ ಹಾಕುವ’ ಎಂದು ಪಕ್ಕದ ಮನೆಯ ರಜಿಷ ಕರೆದಳು. ನಮ್ಮವರಿಗೆ ಮಹಾಲಯದ ದಿನವೇ ಊಟ, ಅದಕ್ಕೆ ಮುಂಚೆ ಹಾಕಿದರೆ ನಮ್ಮವ್ವ ಮುಟ್ಟುವವಳಲ್ಲ ಎಂದೆ. ಅವಳಿಗೆ ಇಂಜಿನ್ ತೋರಿಸಿದೆ. ಈಗ ದಿನಾ ಸಂಜೆ ಯಾರಾದರೂ ಒಬ್ಬರು ರೈಲು ನೋಡಲು ಬರುತ್ತಾರೆ. ಹಾಡಿಯಿಂದ ಮಾದನ್ ಬಂದಿದ್ದ. ಕಾಡು ಕಾಯುವ ಕೆಲಸದಿಂದ ನಿವೃತ್ತಿಯಾದ ಮೇಲೆ ಅವನಿಗೆ ನಮ್ಮ ಜಗಲಿಯೇ ಆಫೀಸು. ಬಹಳ ಹೊತ್ತು ನೋಡಿ, ‘ಇದ್ರ ಹಿಂದ್ಗಡೆ ಏನೂ ಇಲ್ವಲ್ಲ, ಒಂಟಿ ಆನೆ ಹಂಗೆ ಅದೆ’ ಎಂದ.

ಹೌದು. ಒಂಟಿ ಆನೆ ಹಾಗೇ ಇದೆ. ಬೇಗ ಬೋಗಿ ನೋಡು.

ನಿನ್ನ ಅಕ್ಕ,
ಕಾರ್ತ್ಯಾಯನಿ


ನಂಜನಗೂಡು
26 ಜುಲೈ 2025

ಅಕ್ಕ,

ನಿನ್ನ ಎರಡು ಕಾಗದವೂ ಬಂದವು. ಓದಿದೆ. ಎರಡರಲ್ಲೂ ಬೇಕಾದಷ್ಟು ಮಾತಿದೆ, ಇರಬೇಕಾದ ಒಂದು ಮಾತು ಬಿಟ್ಟು.

ನೀನು ಬರೆಯಲಿಲ್ಲ, ನಾನೇ ಬರೆಯುತ್ತೇನೆ. ಅವ್ವನಿಗೆ ಹೆಚ್ಚಾಗಿದೆ ಎಂದು ಬಿನು ಫೋನ್ ಮಾಡಿದಾಗ ದೀಪ ಹಚ್ಚುವ ಹೊತ್ತು. ಉಟ್ಟ ಸೀರೆಯಲ್ಲೇ ಹೊರಟೆ, ಬಸ್ಸು ಸಿಗುವುದೇ ತಡವಾಯಿತು. ಗುಂಡ್ಲುಪೇಟೆ ದಾಟಿ ಬಂಡೀಪುರದ ಗೇಟಿಗೆ ಬರುವಷ್ಟರಲ್ಲಿ ಹಾಕಿಬಿಟ್ಟಿದ್ದರು. ರಾತ್ರಿ ಕಾಡಿನ ರಸ್ತೆಯಲ್ಲಿ ಬಿಡುವುದಿಲ್ಲ, ಪ್ರಾಣಿಗಳು ಓಡಾಡುತ್ತವೆ ಎಂದರು. ನನ್ನ ತಾಯಿ ಎಂದೆ. ಕಾನೂನು ಎಂದರು. ಹೋಗಿಬಿಟ್ಟಳು ಎಂಬ ಸುದ್ದಿ ಬಂದದ್ದು ಅಲ್ಲೇ. ಬೆಳಿಗ್ಗೆ ತೆಗೆಯುತ್ತಾರೆ, ನಾನು ಬರುವವರೆಗೆ ಇಟ್ಟಿರಿ ಎಂದು ಬಿನುವಿಗೆ ಹೇಳಿದೆ. ಆಯಿತು ಚಿಕ್ಕಮ್ಮ ಎಂದ. ಗೇಟು ತೆಗೆದ ಕೂಡಲೇ ಬಂದೆ. ನಾನು ಬಂದಾಗ ಹೊಗೆ ಇತ್ತು, ಅವ್ವ ಇರಲಿಲ್ಲ.

ಕಾಯಬೇಡಿ ಎಂದವಳು ನೀನು. ಯಾರು ಏನೆಂದರೂ ಆ ಮನೆಯಲ್ಲಿ ನಡೆಯುವುದು ನಿನ್ನ ಮಾತೇ.

ಕಾಗೆ ಬರಲಿಲ್ಲವಂತೆ. ರೈಲು ಇಲ್ಲದ್ದಕ್ಕೆ ಬರಲಿಲ್ಲ ಎಂದು ನೀನು ನಂಬುವುದಾದರೆ ನಂಬು. ನನಗೆ ಹಾಗೆ ಅನ್ನಿಸುವುದಿಲ್ಲ, ನಿನಗೂ ಅನ್ನಿಸಿರಲಾರದು.

ಮೈಸೂರಿನ ಅಂಗಡಿಯೊಂದರಲ್ಲಿ ವಿಚಾರಿಸಿದ್ದೇನೆ. ಅದು ಅವ್ವನಿಗಾಗಿ. ಊರಿಗೆಲ್ಲ ರವಿಕೆ ಹೊಲಿಯುವವಳಿಗೆ ನೂಲಿಗೆ ಗಂಟು ಹಾಕಿ ಅಳತೆ ಕಳಿಸುತ್ತೀಯಲ್ಲ, ಬಿನುವಿನ ಹತ್ತಿರ ಒಂದು ಟೇಪು ಇರಲಿಲ್ಲವೇ? ಬೋಗಿ ಸಿಕ್ಕರೆ ಬಸ್ಸಿನವರ ಕೈಯಲ್ಲಿ ಕಳಿಸುತ್ತೇನೆ. ನಾನು ಬರುವುದಿಲ್ಲ.

ಸಿನಿ


ನೂಲ್ಪುಳ
5 ಆಗಸ್ಟ್ 2025

ಸಿನಿಗೆ,

ಬೈಯಲಿಕ್ಕಾದರೂ ಬರೆದೆಯಲ್ಲ, ನನಗೆ ಅಷ್ಟು ಸಾಕು. ಕಾಗದವನ್ನು ಜಿಷಳಿಗೂ ಓದಿ ಹೇಳಿದೆ, ಬೈಗಳನ್ನು ಬಿಡದೆ.

ಆ ಒಂದು ಮಾತು ಯಾವುದೆಂದು ನನಗೆ ಗೊತ್ತು. ತಪ್ಪಾಯಿತು ಎನ್ನಬೇಕು. ಅದನ್ನು ನಾನು ಬರೆಯುವುದಿಲ್ಲ, ಯಾಕೆಂದರೆ ತಪ್ಪಾಗಿಲ್ಲ. ಒಂದು ವಾರದಿಂದ ಬಿಡದೆ ಹೊಯ್ದ ಮಳೆ ಅವತ್ತು ಬೆಳಗಿನ ಜಾವ ನಿಂತಿತ್ತು. ಸೌದೆ ಹಸಿ, ಬಾನು ಕಪ್ಪು. ಬಿಡುವು ಎಷ್ಟು ಹೊತ್ತಿನದೋ ಯಾರಿಗೂ ಗೊತ್ತಿರಲಿಲ್ಲ. ದೊಡ್ಡಪ್ಪ ನನ್ನ ಮುಖ ನೋಡಿದ, ಬಿನು ನನ್ನ ಮುಖ ನೋಡಿದ, ಹೊರಲು ಬಂದವರೆಲ್ಲ ನನ್ನ ಮುಖ ನೋಡಿದರು. ಇಡಿ ಬೆಂಕಿ ಎಂದೆ. ನೀನು ಬಂದ ಸ್ವಲ್ಪ ಹೊತ್ತಿಗೆ ಮಳೆ ಹೇಗೆ ಸುರಿಯಿತೆಂದು ನೀನೇ ನೋಡಿದ್ದೀಯ. ಕಾದಿದ್ದರೆ ಅವ್ವ ಅರ್ಧ ಬೆಂದು ಮಳೆಯಲ್ಲಿ ನೆನೆಯಬೇಕಾಗಿತ್ತು. ಅದನ್ನು ನಾನೂ ನೋಡುತ್ತಿರಲಿಲ್ಲ, ನಿನಗೂ ತೋರಿಸುತ್ತಿರಲಿಲ್ಲ. ನಾಳೆ ಅಂಥದೇ ಬೆಳಗು ಬಂದರೆ ಅದನ್ನೇ ಹೇಳುತ್ತೇನೆ.

ನಿನ್ನ ಕೋಪವೂ ಸರಿ. ನಿನ್ನ ಜಾಗದಲ್ಲಿ ನಾನಿದ್ದರೆ ಮೂರು ವರ್ಷವಲ್ಲ, ಸಾಯುವವರೆಗೆ ಮಾತಾಡುತ್ತಿರಲಿಲ್ಲ. ನಾನು ಮಾಡಿದ್ದು ಸರಿ, ನೀನು ಮುನಿದದ್ದೂ ಸರಿ. ಇಬ್ಬರೂ ಸರಿಯಾಗಿದ್ದುಕೊಂಡು ಬೇರೆ ಬೇರೆ ಮನೆಯಲ್ಲಿ ಮುದುಕಿಯರಾಗುತ್ತಿದ್ದೇವೆ. ನನಗೆ ನಿನ್ನನ್ನು ನೋಡಬೇಕು, ಸಿನಿ. ಸಂತೆಗೆ ಹೋದಾಗ ಹಿಂದಿನಿಂದ ಯಾರದೋ ಜಡೆ ನಿನ್ನದರಂತೆ ಕಂಡರೆ ಮುಂದೆ ಹೋಗಿ ಮುಖ ನೋಡಿ ಬರುತ್ತೇನೆ.

ಇನ್ನೊಂದು ಮಾತಿದೆ, ನಿನ್ನನ್ನು ಎದುರಿಗೆ ಕೂರಿಸಿಕೊಂಡು ಹೇಳೋಣವೆಂದು ಇಟ್ಟುಕೊಂಡಿದ್ದೆ. ನೀನು ಬರುವ ಹಾಗೆ ಕಾಣುವುದಿಲ್ಲ, ಇಲ್ಲಿಯೇ ಬರೆಯುತ್ತೇನೆ. ಅವ್ವ ಕೊನೆಗೆ ಕೇಳಿದ್ದು ನಿನ್ನನ್ನೇ. ‘ಸಿನಿ ಹೊಂಟವ್ಳಾ?’ ಎಂದಳು. ‘ಹೊಂಟವ್ಳೆ ಕಣವ್ವ, ಇನ್ನೇನು ಬಂದ್ಬುಟ್ಳು’ ಎಂದೆ. ‘ಹಂಗಾದ್ರೆ ಸರಿ, ನಾ ಕಾಯ್ತೀನಿ’ ಎಂದಳು. ಕಾಯಲು ಅವಳಿಂದ ಆಗಲಿಲ್ಲ.

ಬೋಗಿಯ ಬಣ್ಣ ಮರೆಯಬೇಡ. ಇಟ್ಟಿಗೆ ಕೆಂಪು. ಅಂಗಡಿಯವನು ಮೆಣಸಿನಕಾಯಿ ಕೆಂಪು ತೋರಿಸಿ ಮಂಕುಬೂದಿ ಎರಚಿಯಾನು.

ನಿನ್ನ ಅಕ್ಕ,
ಕಾರ್ತ್ಯಾಯನಿ


ನಂಜನಗೂಡು
19 ಆಗಸ್ಟ್ 2025

ಅಕ್ಕ,

ಅವ್ವ ಕೇಳಿದ್ದನ್ನು ನೀನು ಮೂರು ವರ್ಷ ಹೊಟ್ಟೆಯೊಳಗೆ ಇಟ್ಟುಕೊಂಡಿದ್ದೆಯಾ? ಓದಿದ ದಿನ ನನ್ನ ಹೊಲಿಗೆ ಅಂಗಡಿ ತೆಗೆಯಲಿಲ್ಲ.

ಬೋಗಿ ಕೊಂಡೆ. ಮೈಸೂರಿನ ಅಂಗಡಿಯವರ ಮುಂದೆ ಪರ್ಸಿನಿಂದ ನಿನ್ನ ನೂಲು ತೆಗೆದಾಗ ಅವರ ಮುಖ ನೋಡಬೇಕಿತ್ತು. ‘ಏನ್ ಮೇಡಂ ಇದು, ತಾಯತಾನಾ?’ ಎಂದರು. ಅಳತೆ ಎಂದೆ. ಅವರು ಏನೇನೋ ನಂಬರು ಕೇಳಿದರು. ನನಗೆ ಅದೆಲ್ಲ ಬೇಡ, ಎತ್ತರ ಇದು, ಉದ್ದ ಇದು, ಬಣ್ಣ ಇಟ್ಟಿಗೆಯದು, ಅಷ್ಟು ನೋಡಿ ಕೊಡಿ ಎಂದೆ. ಅಲ್ಲಿದ್ದ ಬೋಗಿಗಳನ್ನೆಲ್ಲ ಗಾಜಿನ ಕಪಾಟಿನಿಂದ ಇಳಿಸಿ ಒಂದೊಂದಕ್ಕೂ ನೂಲು ಹಿಡಿದೆ. ಗ್ರಾಹಕರು ತಮ್ಮ ಕೆಲಸ ಬಿಟ್ಟು ನನ್ನನ್ನು ನೋಡುತ್ತಿದ್ದರು. ಕಡೆಗೂ ಸಿಕ್ಕಿತು, ಗಂಟಿಗೆ ಗಂಟು ಸರಿಯಾಗಿ. ಮೂರು ಬೋಗಿ. ಕಿಟಕಿಗೆ ಅಡ್ಡ ಸರಳು, ಒಳಗೆ ಮರದ ಬೆಂಚು, ಬಾಗಿಲಿಗೆ ಹಿಡಿಕೆ. ಕಿಟಕಿಯ ಪಕ್ಕ ಬೆರಳುಗುರಿನಷ್ಟು ಹೆಂಗಸೊಂದನ್ನು ಕೂರಿಸಿದ್ದಾರೆ. ಅವಳ ಸೀರೆ ಹಸಿರು. ನಾನು ಅದನ್ನು ಎಷ್ಟು ಹೊತ್ತು ನೋಡಿದೆನೋ.

ಒಂದು ಬೋಗಿಯನ್ನು ನಿಮ್ಮ ಕಡೆ ಹೋಗುವ ಬತ್ತೇರಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟಿದ್ದೇನೆ. ಇಂಜಿನ್ನಿಗೆ ಕಟ್ಟಿ ನೋಡು. ಸರಿಯಾದರೆ ಉಳಿದೆರಡನ್ನೂ ಹಾಗೆಯೇ ಕಳಿಸುತ್ತೇನೆ.

ಸಿನಿ


ನೂಲ್ಪುಳ
30 ಆಗಸ್ಟ್ 2025

ಸಿನಿಗೆ,

ಬೋಗಿ ಬಂತು. ಕಂಡಕ್ಟರ್ ಅದನ್ನು ಸೀಟಿನ ಮೇಲೆ ಇಟ್ಟು, ಪಕ್ಕದಲ್ಲಿ ಯಾರನ್ನೂ ಕೂರಗೊಡದೆ ತಂದನಂತೆ. ಇಳಿಸುವಾಗ ‘ಚೇಚೀ, ಟ್ರೈನಾಣೋ?’ ಎಂದು ಕೇಳಿ, ಒಂದು ಸಲ ನೋಡಿಯೇ ಸೀಟಿ ಊದಿದ.

ಬಣ್ಣ ಅದೇ. ಎತ್ತರ ಅದೇ. ಇಂಜಿನ್ನಿನ ಪಕ್ಕ ನಿಲ್ಲಿಸಿದರೆ ಅಪ್ಪ ಎದ್ದು ಬಂದು ನಿನ್ನ ಬೆನ್ನು ತಟ್ಟಬೇಕು, ಅಂಥ ಜೋಡಿ. ಆಮೇಲೆ ಬಿನು ಅದನ್ನು ಹಳಿಯ ಮೇಲೆ ಇಟ್ಟ.

ಅದು ಕೂರಲಿಲ್ಲ. ಇಂಜಿನ್ನಿನ ಚಕ್ರಗಳ ನಡುವೆ ಇರುವ ಅಂತರ ಬೇರೆ, ಬೋಗಿಯದು ಬೇರೆ. ಬೋಗಿಯ ಚಕ್ರಗಳು ಎರಡು ಹಳಿಯನ್ನೂ ದಾಟಿ ಆಚೆ ಈಚೆ ಮೇಜಿನ ಮೇಲೆ ಕಾಲೂರಿಕೊಂಡವು. ಚರಂಡಿಯ ಎರಡು ದಂಡೆಗೆ ಕಾಲು ಹಾಕಿ ನಿಲ್ಲುತ್ತಾರಲ್ಲ, ಹಾಗೆ. ಬಿನು ನಕ್ಕ, ಜಿಷ ನಕ್ಕಳು, ಮಾದನ್ ನೆಲಕ್ಕೆ ಕೂತು ನಕ್ಕ. ನಾನೂ ನಕ್ಕೆ. ಎತ್ತು ಕೊಳ್ಳುವಾಗ ನಮ್ಮವರು ಸುಳಿ ನೋಡುತ್ತಾರೆ, ಬಣ್ಣ ನೋಡುತ್ತಾರೆ, ಹಿಣಿಲು ನೋಡುತ್ತಾರೆ. ಕಾಲುಗಳ ನಡುವೆ ಎಷ್ಟು ಅಗಲ ಎಂದು ಅಳೆದವರು ನಮ್ಮ ವಂಶದಲ್ಲೇ ಇಲ್ಲ. ರೈಲು ಕಂಡ ಊರಿನವರಾಗಿದ್ದರೆ ಮೊದಲು ಅದನ್ನೇ ಅಳೆಯುತ್ತಿದ್ದರೋ ಏನೋ. ನಾನು ಅಳೆಯಲಿಲ್ಲ. ರೈಲಿನ ಊರಲ್ಲೇ ಇರುವ ನಿನಗೂ ಹೊಳೆಯಲಿಲ್ಲ ನೋಡು, ನೂಲ್ಪುಳದ ನೀರು ನಿನ್ನನ್ನು ಬಿಟ್ಟಿಲ್ಲ. ನನಗೆ ಅದೇ ಸಂತೋಷ.

ನಾನೇನೂ ಕಂಗಾಲಾಗಿಲ್ಲ. ಬಾಳೆಲೆಯ ಮೇಲೆ ಹಳಿ ಬೇಡ.

ಈಗ ಕೇಳು. ಉಳಿದೆರಡು ಬೋಗಿಯನ್ನು ಬಸ್ಸಿನಲ್ಲಿ ಕಳಿಸಿದರೆ ಅದೇ ಬಸ್ಸಿನಲ್ಲಿ ವಾಪಸು ಹತ್ತಿಸುತ್ತೇನೆ. ಕಂಡಕ್ಟರಿಗೆ ಈಗಲೇ ಹೇಳಿಟ್ಟಿದ್ದೇನೆ. ನೀನು ತಂದರೆ ಒಳಗೆ, ಇಲ್ಲವೆಂದರೆ ಇಲ್ಲ. ಈ ಸಲ ನೀನು ಬರುವವರೆಗೆ ಕಾಯುತ್ತೇನೆ.

ನಿನ್ನ ಅಕ್ಕ,
ಕಾರ್ತ್ಯಾಯನಿ


ನಂಜನಗೂಡು
11 ಸೆಪ್ಟೆಂಬರ್ 2025

ಅಕ್ಕ,

ನಿನ್ನ ಕಾಗದ ಓದಿ ನಗು ಬಂತು, ಆಮೇಲೆ ಸಿಟ್ಟೂ ಬಂತು. ಅಂಗಡಿಯವರಿಗೆ ಫೋನ್ ಮಾಡಿದೆ. ‘ಅದಕ್ಕೇ ಮೇಡಂ ನಾನು ನಂಬರ್ ಕೇಳಿದ್ದು’ ಎಂದರು. ಬೋಗಿ ಬದಲಾಯಿಸಿ ಕೊಡಲು ಅವರಲ್ಲಿ ಆ ಅಳತೆಯ ಕೆಂಪು ಇಲ್ಲವಂತೆ. ಈ ಬೋಗಿಗೆ ಹೊಂದುವ ಕಪ್ಪು ಇಂಜಿನ್ ಮಾತ್ರ ಇದೆಯಂತೆ. ಹಾಗಾದರೆ ಬದಲಾಯಿಸಬೇಕಾದವಳು ನೀನು. ನಾನು ಒಂದೊಂದಕ್ಕೂ ನೂಲು ಹಿಡಿದು ಆರಿಸಿದ್ದೇನೆ. ಆ ಕಿಟಕಿಯ ಹೆಂಗಸನ್ನು ನಾನು ಬಿಡುವುದಿಲ್ಲ.

ಕಾಯುತ್ತೇನೆ ಎಂದು ಬರೆದಿದ್ದೀಯ. ಕಾಯುವುದು ನಿನ್ನ ಜಾಯಮಾನದಲ್ಲೇ ಇಲ್ಲ. ಹಲಸಿನ ಹಣ್ಣು ಮಾಗುವವರೆಗೆ ಕೂಡ ನೀನು ಕಾದವಳಲ್ಲ, ಹೊತ್ತಿಗೆ ಮುಂಚೆ ಕೊಯ್ದು ಹುಲ್ಲಿನಲ್ಲಿ ಹುದುಗಿಸುತ್ತಿದ್ದೆ. ಬೆಳಿಗ್ಗೆ ಗೇಟು ತೆಗೆದ ಮೇಲೆ ಬಸ್ಸು, ದಾರಿಯಲ್ಲಿ ಏನೇನಿರುತ್ತದೋ ಕಾಡಿನ ರಸ್ತೆಯಲ್ಲಿ ಹೇಳಲಾಗುವುದಿಲ್ಲ. ಹೊತ್ತು ಮೀರುತ್ತದೆ ಎನ್ನುತ್ತಾರೆ, ಎಲ್ಲರೂ ಮತ್ತೆ ನಿನ್ನ ಮುಖ ನೋಡುತ್ತಾರೆ. ಆಗ ನೀನು ಏನು ಹೇಳುತ್ತೀಯೋ ನನಗೆ ಗೊತ್ತು. ಇನ್ನೊಂದು ಸಲ ಆ ಅಂಗಳಕ್ಕೆ ಬಂದು ಎಲ್ಲ ಮುಗಿದದ್ದನ್ನು ನೋಡುವ ಶಕ್ತಿ ನನಗಿಲ್ಲ ಅಕ್ಕ. ಬರುತ್ತೇನೆ ಎಂದು ಬರೆಯಲಾರೆ.

ಸಿನಿ


ನೂಲ್ಪುಳ
15 ಸೆಪ್ಟೆಂಬರ್ 2025

ಸಿನಿಗೆ,

ಇಂಜಿನ್ ಬದಲಾಯಿಸುವುದಿಲ್ಲ. ನನ್ನ ಇಂಜಿನ್ ಹೀಗೇ, ನಿನ್ನ ಬೋಗಿ ಹಾಗೇ. ಹಾಗೆಯೇ ಇಡೋಣ.

ಕಾಯುತ್ತೇನೆ ಎಂದೆ. ಅದರ ಮೇಲೆ ಬರೆಯುವುದು ಏನೂ ಇಲ್ಲ.

ಅಕ್ಕ


ನಂಜನಗೂಡು
25 ಸೆಪ್ಟೆಂಬರ್ 2025

ಪ್ರೀತಿಯ ಅಕ್ಕನಿಗೆ,

ಸುಖವಾಗಿ ತಲುಪಿದೆ. ನೀನು ಕಟ್ಟಿಕೊಟ್ಟ ನೇಂದ್ರ ಬಾಳೆಯ ಗೊನೆಯನ್ನು ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡೇ ಬಂದೆ. ಗಂಧಸಾಲೆ ಅಕ್ಕಿಯ ಪರಿಮಳಕ್ಕೆ ಬಸ್ಸಿನಲ್ಲಿದ್ದವರೆಲ್ಲ ಮೂಗರಳಿಸುತ್ತಿದ್ದರು. ಈಗ ಫೋನ್ ಮಾಡಿದರೆ ಎತ್ತುತ್ತೇನೆ, ನಿನಗೂ ಗೊತ್ತು. ಆದರೆ ಫೋನಿನಲ್ಲಿ ನೀನು ಮಾತು ಮುಗಿಸಲು ಬಿಡುವುದಿಲ್ಲ. ಅದಕ್ಕೇ ಕಾಗದ.

ನಿನ್ನ ಇಂಜಿನ್ ನನ್ನ ಹೊಲಿಗೆ ಮೆಷಿನ್ನಿನ ಪಕ್ಕದಲ್ಲಿದೆ. ಅಳತೆ ಕೊಡಲು ಬಂದವರು ಕೇಳಿದರೆ ನಮ್ಮ ತವರಿನದು ಎನ್ನುತ್ತೇನೆ. ವಯನಾಡಿನಲ್ಲಿ ಎಲ್ಲಿಯ ರೈಲು ಎಂದು ನಗುತ್ತಾರೆ. ಬೋಗಿಗಳನ್ನು ನೀನು ಜೋಪಾನವಾಗಿ ಇಡು, ಹೆಂಗಸು ಕೂತ ಕಿಟಕಿಗೆ ಧೂಳು ಹಿಡಿಯದಿರಲಿ. ಮುಂದಿನ ಎಡೆಗೆ ಇಂಜಿನ್ ನಾನು ತರುತ್ತೇನೆ. ನೂಲು ಇಂಜಿನ್ನಿನ ಕೊಂಡಿಯಲ್ಲೇ ಇದೆ, ಬಿಚ್ಚಿಲ್ಲ. ಅಳತೆಗೆಂದು ನೀನು ಕಳಿಸಿದ್ದು ಕಡೆಗೆ ಬೋಗಿ ಕಟ್ಟುವುದಕ್ಕೆ ಬಂತು.

ಕಾಗೆ ಹಾರಿಬಂದು ಅನ್ನ ಬಿಟ್ಟು ಮೊದಲು ಕೆಂಪು ಬೋಗಿಯ ಮೇಲೆಯೇ ಕೂತಿತಲ್ಲ, ಅದನ್ನು ನೆನೆದು ರಾತ್ರಿ ಹಾಸಿಗೆಯಲ್ಲೂ ನಗುತ್ತೇನೆ. ‘ನೋಡೇ, ಟಿಕೇಟ್ ತಗೊಳ್ದೇ ಹತ್ತವ್ಳೆ’ ಎಂದು ನೀನು ಕೂಗಿದ್ದು ರಜಿಷಳ ಮನೆಗೂ ಕೇಳಿಸಿತಂತೆ. ಆಮೇಲೆ ಮುದ್ದೆಯನ್ನು ಕುಕ್ಕಿ ಕುಕ್ಕಿ ತಿಂದಿತು. ನೀನು ಸೆರಗಿನಲ್ಲಿ ಮುಖ ಒರೆಸಿಕೊಂಡು, ಹೊಗೆ ಎಂದೆ. ಇಂಜಿನ್ನಿಗೆ ಎಣ್ಣೆ ಹಾಕಿಯೇ ಇರಲಿಲ್ಲ ಅಕ್ಕ.

ಒಂದು ಸಂಗತಿಯನ್ನು ನಿನಗೆ ಹೇಳದೆ ಬಂದಿದ್ದೇನೆ.

ಅವತ್ತು ಕಾಡಿನ ನಡುವೆ ಆನೆ ಮರಿಯನ್ನು ಕಟ್ಟಿಕೊಂಡು ರಸ್ತೆಯಲ್ಲೇ ನಿಂತುಬಿಟ್ಟಿತ್ತು. ಮುಂದೆ ಹತ್ತಾರು ಗಾಡಿ, ಹಿಂದೆ ಹತ್ತಾರು ಗಾಡಿ. ಫೋನಿಗೆ ಸಿಗ್ನಲ್ ಇಲ್ಲ. ಹೊತ್ತು ನೆತ್ತಿಗೆ ಬಂತು, ಇಳಿಯಿತು. ಬೋಗಿಗಳ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ ನನಗೆ ಅಳುವೂ ಬರಲಿಲ್ಲ. ಮುಗಿದಿರುತ್ತದೆ, ಈ ಸಲವೂ ಮುಗಿದಿರುತ್ತದೆ ಎಂದು ಮನಸ್ಸಿಗೆ ಹೇಳಿಕೊಳ್ಳುತ್ತಿದ್ದೆ. ಮುತ್ತಂಗ ದಾಟಿ ನಮ್ಮ ದಾರಿಯಲ್ಲಿ ಇಳಿದಾಗ, ಹಾಗೇ ಎದುರು ಬಸ್ಸು ಹತ್ತಿ ವಾಪಸು ಹೋಗೋಣವೇ ಎಂದೂ ಅನ್ನಿಸಿತು. ಕಾಲು ಕೇಳಲಿಲ್ಲ.

ನಾನು ಸೀದಾ ಅಂಗಳಕ್ಕೆ ಬಂದೆ ಎಂದು ನೀನು ತಿಳಿದಿದ್ದೀಯ. ಇಲ್ಲ. ಅದಕ್ಕೆ ಮುಂಚೆ ದಾಸವಾಳದ ಬೇಲಿಯ ಹಿಂದೆ ಒಂದಷ್ಟು ಹೊತ್ತು ನಿಂತಿದ್ದೆ. ಹೊತ್ತು ಮೀರುತ್ತದೆ ಎಂದು ದೊಡ್ಡಪ್ಪ ಹಟ ಹಿಡಿದು ಎಡೆಯನ್ನು ಹೊರಗೆ ಕಟ್ಟೆಯ ಮೇಲೆ ಇಡಿಸಿದ್ದರೆಂದು ಜಿಷ ಆಮೇಲೆ ಹೇಳಿದಳು. ನಾನು ನೋಡಿದಾಗ ಎಲೆ ತುಂಬ ಬಡಿಸಿತ್ತು. ಕರಿ ಇಂಜಿನ್ ಎಲೆಯ ತಲೆಯಲ್ಲಿ ಇತ್ತು, ಅದರ ಹಿಂದೆ ಒಂದು ಬೋಗಿ, ಅದರ ಹಿಂದೆ ಎರಡು ಬೋಗಿ ಹಿಡಿಯುವಷ್ಟು ಜಾಗವನ್ನು ನೀನು ಖಾಲಿ ಬಿಟ್ಟಿದ್ದೆ. ಮನೆಯವರೆಲ್ಲ ಹಸಿದು ಜಗಲಿಯಲ್ಲಿ ಕೂತಿದ್ದರು. ನೀನು ಬೇಲಿಗೆ ಬೆನ್ನು ಹಾಕಿ ಕಟ್ಟೆಯ ಮುಂದೆ ನಿಂತಿದ್ದೆ, ಕೈಯಲ್ಲಿ ದನ ಹೊಡೆಯುವ ಕೋಲು.

ಕಾಗೆ ಬಂದಿತ್ತು ಅಕ್ಕ. ಎರಡು ವರ್ಷ ನೀನು ಕೂಗಿ ಕೂಗಿ ಕರೆದರೂ ಬಾರದ ಕಾಗೆ. ಹಲಸಿನ ಕೊಂಬೆಯಿಂದ ಇಳಿದು ಎಲೆಯ ತುದಿಗೇ ಬಂದು ಕೂತಿತ್ತು. ದೊಡ್ಡಪ್ಪ ಕೈ ಮುಗಿದು ಎದ್ದು ನಿಂತರು. ನೀನು ಕೋಲು ಬೀಸಿದೆ. ಅದು ಹಾರಿತು, ಮತ್ತೆ ಬಂತು. ಮತ್ತೆ ಓಡಿಸಿದೆ. ದೊಡ್ಡಪ್ಪ ಬೈದರು, ನಿನಗೆ ಕೇಳಿಸಲೇ ಇಲ್ಲ. ಮೂರನೆಯ ಸಲ ಬಂದಾಗ ಕೋಲನ್ನು ಕೆಳಗೆ ಹಾಕಿ, ಬರಿಗೈಯನ್ನು ಎಲೆಗೆ ಅಡ್ಡ ಹಿಡಿದು, ಅದರ ಹತ್ತಿರ ಬಗ್ಗಿ ಹೇಳಿದೆ:

‘ವಸಿ ತಡ್ಕೋ ಕಣವ್ವ, ನಿನ್ ದಮ್ಮಯ್ಯ. ಅವತ್ತು ನೀನೂ ಕಾಯ್ನಿಲ್ಲ, ನಾನೂ ಕಾಯ್ನಿಲ್ಲ. ಇವತ್ತು ಇಬ್ರೂ ಕಾಯುವ. ಸಿನಿ ಹೊಂಟವ್ಳೆ.’

ಅಷ್ಟು ಕೇಳಿಸಿಕೊಂಡ ಮೇಲೆ ನಾನು ಬೇಲಿ ಸುತ್ತಿ ಒಳಗೆ ಬಂದೆ.

ನಿನ್ನ ತಂಗಿ,
ಸಿನಿ